ತೆನೆ ಹಬ್ಬದ ರಜೆ ಮತ್ತು ಒಂದು ಸುಳ್ಳು ಜ್ವರ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಉಡುಪಿಯ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ಕೊಂಕಣಿ ಕೆಥೊಲಿಕ್ ಮಹಿಳೆಯೊಬ್ಬರು, ರಾತ್ರಿ ನಿದ್ದೆ ಹತ್ತುವುದಿಲ್ಲ, ಆಫೀಸಿಗೆ ಹೊರಡುವಾಗ ಹೊಟ್ಟೆ ತೊಳಸುತ್ತದೆ ಎಂದು ಹೇಳಿಕೊಂಡು ನನ್ನ ಬಳಿ ಸಲಹೆಗೆ ಬಂದರು. ಮಾತು ಬೆಳೆದಂತೆ ವಿಷಯ ಮೊಂತಿ ಫೆಸ್ತ್‌ಗೆ, ಅಂದರೆ ತೆನೆ ಹಬ್ಬಕ್ಕೆ, ಬಂದು ನಿಂತಿತು. ಸೆಪ್ಟೆಂಬರ್ 8ರಂದು ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯ ನಾಲ್ಕು ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಸಸ್ಯಾಹಾರದ ಊಟ ಮಾಡುವ ಈ ಹಬ್ಬ ಕಂಪನಿಯ ರಜಾಪಟ್ಟಿಯಲ್ಲಿರಲಿಲ್ಲ. ಹಿಂದೊಮ್ಮೆ ರಜೆ ಕೇಳಿದಾಗ ಮ್ಯಾನೇಜರ್, "ಕ್ರಿಸ್ಮಸ್‌ಗೆ ಕೊಡುತ್ತೇವಲ್ಲ, ಇದೆಂಥದು ಮತ್ತೊಂದು?" ಎಂದು ಎಲ್ಲರೆದುರು ನಕ್ಕಿದ್ದರು. ಮರುವರ್ಷ ಇವರು ಜ್ವರವೆಂದು ರಜೆ ಹಾಕಿದರು. ಮನೆಯವರ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿದ್ದ ಊಟದ ಫೋಟೊ ಆಫೀಸಿಗೆ ತಲುಪಿತು. ಅಂದಿನಿಂದ ನಿಜವಾಗಿ ಕೆಮ್ಮಿದರೂ "ಇವತ್ತು ಯಾವ ಹಬ್ಬ?" ಎಂಬ ಕುಟುಕು.

ಅವರು ಸುಳ್ಳು ಹೇಳಿದ್ದಕ್ಕೆ ತಮ್ಮನ್ನೇ ದೂರಿಕೊಳ್ಳುತ್ತಿದ್ದರು. ನಿಜ ಹೇಳಿದಾಗ ನಗುವ ಕಡೆ ಸುಳ್ಳು ಹುಟ್ಟುವುದು ಸಹಜವೇ, ಆದರೆ ಆ ಜ್ವರದಿಂದಾಗಿ ನಿಮ್ಮ ನ್ಯಾಯವಾದ ಬೇಡಿಕೆಯೇ ಅನುಮಾನಕ್ಕೆ ಗುರಿಯಾಯಿತು, ಇನ್ನು ಮುಂದೆ ಹಬ್ಬದ ಹೆಸರಿನಲ್ಲೇ ರಜೆ ಕೇಳಿ ಎಂದೆ.

ಕಾನೂನಿನ ಬಗ್ಗೆ ಹುಸಿ ಭರವಸೆ ಕೊಡಲಿಲ್ಲ. ಧರ್ಮದ ಆಧಾರದ ತಾರತಮ್ಯವನ್ನು ತಡೆಯುವ ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಗೆ ಸಂಬಂಧಿಸಿದ್ದು. ರಜೆಗಳ ಕುರಿತ 1963ರ ಕರ್ನಾಟಕದ ಕಾಯ್ದೆಯು ನಿಗದಿತ ಐದು ದಿನಗಳ ಜೊತೆಗೆ ಐದು ಹಬ್ಬದ ರಜೆಗಳನ್ನು ಕೊಡುತ್ತದೆಯೇ ಹೊರತು ಮೊಂತಿ ಫೆಸ್ತ್ ಎಂದು ಹೆಸರಿಸುವುದಿಲ್ಲ. ಹಾಗಾಗಿ ಗಳಿಕೆ ರಜೆಯನ್ನು ಜುಲೈಯಲ್ಲೇ ಇಮೇಲ್ ಮೂಲಕ ಕೇಳಲು ಸೂಚಿಸಿದೆ. ಮ್ಯಾನೇಜರ್‌ಗೂ ಒಂದು ನಿಜವಾದ ತೊಡಕಿತ್ತು: ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1 ಸಲ್ಲಿಸಲು 11ನೇ ತಾರೀಕು ಕಡೆಯ ದಿನ. ಅದಕ್ಕೆ ಇವರು ತಮ್ಮ ಪಾಲಿನ ಇನ್‌ವಾಯ್ಸ್‌ಗಳನ್ನು 7ರ ಸಂಜೆಯೊಳಗೆ ತಾಳೆ ನೋಡಿ ಮುಗಿಸುವುದಾಗಿಯೂ, ಚೌತಿಯ ಮರುದಿನ ಬೇರೆಯವರು ರಜೆ ಹಾಕಿದರೆ ಅವರ ಕೆಲಸ ನೋಡಿಕೊಳ್ಳುವುದಾಗಿಯೂ ಪತ್ರದಲ್ಲೇ ಬರೆದರು.

ಕುಟುಕಿನ ವಿಚಾರವನ್ನು ಈ ಪತ್ರಕ್ಕೆ ಬೆರೆಸಬೇಡಿ ಎಂದಿದ್ದೆ. ಆಂತರಿಕ ದೂರು ಸಮಿತಿಗೆ ಹೋಗಲೇ ಎಂದು ಕೇಳಿದರು. 2013ರ ಕಾಯ್ದೆಯಡಿಯ ಆ ಸಮಿತಿ ಲೈಂಗಿಕ ಕಿರುಕುಳಕ್ಕೆ ಸೀಮಿತವಾದ್ದರಿಂದ, ಯಾರು, ಯಾವ ದಿನ, ಯಾರೆದುರು ಏನೆಂದರು ಎಂದು ಬರೆದಿಟ್ಟುಕೊಂಡು ಎಚ್‌ಆರ್‌ಗೆ ಪ್ರತ್ಯೇಕವಾಗಿ ಕೊಡಲು ಹೇಳಿದೆ.

ರಜೆ ಮಂಜೂರಾಯಿತು. ದೂರಿಗೆ ಉತ್ತರ ಬಂದಿಲ್ಲ. ಹದಿನೈದು ದಿನ ಕಾದು ನೆನಪಿನ ಪತ್ರ ಕೊಡುವುದೆಂದು ನಿರ್ಧರಿಸಿದ್ದೇವೆ. ನಿದ್ದೆಯ ತೊಂದರೆ ಇನ್ನೂ ಇರುವುದರಿಂದ ವೈದ್ಯರನ್ನು ಕಾಣಲು ಚೀಟಿ ಬರೆದುಕೊಟ್ಟಿದ್ದೇನೆ.