ಸೇತುವೆ ಬಂದ ಮೇಲೆ ಅಂಬಿಗ

ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ದಕ್ಷಿಣ ಅಮೆರಿಕದ ಒಯಪೋಕ್ ನದಿಯ ಸೇತುವೆ ಬಗ್ಗೆ ಬರೆಯುತ್ತಾ ದೋಣಿಯವರಿಗಾಗಿ ಮರುಗಿದ್ದೀರಿ. ಕಾಡಿನ ಊರುಗಳಿಗೆ ರಸ್ತೆ ಬಂದರೆ ಖುಷಿಪಡಬೇಕಲ್ವಾ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?"

ಸಂಪಾದಕರ ಉತ್ತರ:

ಗಾದೆ ಚೆನ್ನಾಗಿದೆ ಸ್ವಾಮಿ. ಆದರೆ ಅದು ಹೊಳೆ ದಾಟಿದವರ ಗಾದೆ. ಅಲ್ಲಿ ದಾಟಿದವರು ಯಾರು?

ಸೇತುವೆ ಬೇಕು, ಒಪ್ಪಿದೆ. ರಾತ್ರಿ ಹೊತ್ತು ಹೆರಿಗೆ ನೋವು ಬಂದವಳನ್ನು ದೋಣಿ ಹತ್ತಿಸುವ ಪಾಡು ನನಗೂ ಅರ್ಥವಾಗುತ್ತದೆ.

ಈಗ ನದಿಗೆ ಬರೋಣ. ಒಂದು ದಡ ಬ್ರೆಜಿಲ್, ಇನ್ನೊಂದು ಫ್ರೆಂಚ್ ಗಯಾನಾ, ಅಂದರೆ ಅಮೆಜಾನ್ ಕಾಡಿನಲ್ಲಿರುವ ಫ್ರಾನ್ಸ್. (ಫ್ರಾನ್ಸಿನ ಅತಿ ಉದ್ದದ ಗಡಿ ಬ್ರೆಜಿಲ್ ಜೊತೆ ಅಂದರೆ ನಮ್ಮ ಕಚೇರಿಯಲ್ಲೇ ಯಾರೂ ನಂಬಲಿಲ್ಲ. ಅಟ್ಲಾಸ್ ತೆಗೆದು ತೋರಿಸಬೇಕಾಯಿತು.) 1997ರಲ್ಲಿ ಎರಡೂ ದೇಶಗಳ ಅಧ್ಯಕ್ಷರು ಮಾತು ಕೊಟ್ಟರು. 378 ಮೀಟರ್ ಉದ್ದದ ಸೇತುವೆ 2011ಕ್ಕೆ ಎದ್ದು ನಿಂತಿತು. ವಾಹನ ಓಡಿದ್ದು 2017ರಲ್ಲಿ! ಬ್ರೆಜಿಲ್ ಕಡೆ ತಪಾಸಣೆ ಕಟ್ಟಡ ಮುಗಿದಿರಲಿಲ್ಲ, ಎರಡೂ ದೇಶಗಳ ನಡುವಿನ ಕಾಗದಪತ್ರದ ಕೆಲಸವೂ ಮುಗಿದಿರಲಿಲ್ಲ. ಅಷ್ಟೂ ವರ್ಷ ಜನ ಚೀಲ, ಮಕ್ಕಳ ಸಮೇತ ಮೋಟಾರು ದೋಣಿಯಲ್ಲೇ ದಾಟಿದರು. ದಾಟಿಸಿದವರು ನಿಮಗೆ ಹಂಗು ಬೇಡವಾದ ಅಂಬಿಗರು. ಅಲ್ಲಿ ಅವರನ್ನು ಕತ್ರಾಯೇರೊ ಅಂತಾರೆ.

ತೆರೆದ ಮೇಲಾದರೂ? ಬ್ರೆಜಿಲ್‌ನವನು ಪ್ಯಾರಿಸ್‌ಗೆ ಹೋಗಿ ನಾಲ್ಕು ದಿನ ಇದ್ದು ಬರಲು ವೀಸಾ ಬೇಕಿರಲಿಲ್ಲ. ಕಣ್ಣಿಗೆ ಕಾಣುವ ಎದುರು ದಡಕ್ಕೆ ಬೇಕಿತ್ತು! ಫ್ರೆಂಚರು ಮಾತ್ರ ವೀಸಾ ಇಲ್ಲದೆ ಬ್ರೆಜಿಲ್ ಕಡೆ ಬರುತ್ತಿದ್ದರು. ಬ್ರೆಜಿಲ್ ದಡದ ಒಯಪೋಕಿ ಊರಿನವರಿಗೆ ಒಂದು ಕಾರ್ಡು ಕೊಟ್ಟರು. ಎದುರಿನ ಸೇಂಟ್ ಜಾರ್ಜ್ ಊರಲ್ಲಿ 72 ಗಂಟೆ ಇರಬಹುದು, ಅದರಾಚೆ ಕಾಲಿಡುವಂತಿಲ್ಲ. ಅಂಬಿಗ ಯಾವತ್ತಾದರೂ ಹೀಗೆ ಗಂಟೆ ಲೆಕ್ಕ ಹಾಕಿದ್ದುಂಟೇ?

"ಕಾಡಿನ ಊರುಗಳಿಗೆ ರಸ್ತೆ" ಅಂದಿರಿ. ನದಿಯ ಮೇಲ್ಭಾಗದಲ್ಲಿ ಕಮೋಪಿ ಇದೆ, ವಯಾಪಿ ಮತ್ತು ಟೆಕೊ ಬುಡಕಟ್ಟು ಜನರ ಊರು. ಅಲ್ಲಿಗೆ ಈ ಸೇತುವೆಯಿಂದ ರಸ್ತೆಯೇ ಇಲ್ಲ. ದೋಣಿ ಹತ್ತಬೇಕು. ಬ್ರೆಜಿಲ್ ಕಡೆ ಮಕಾಪಾ ನಗರದಿಂದ ಬರುವ ಹೆದ್ದಾರಿಯಲ್ಲೂ ನೂರಕ್ಕಿಂತ ಜಾಸ್ತಿ ಕಿಲೋಮೀಟರ್ ಮಣ್ಣು ಹಾದಿಯಾಗೇ ಉಳಿದಿತ್ತು. ಮಳೆ ಹಿಡಿದರೆ ಲಾರಿಯ ಚಕ್ರ ಅರ್ಧ ಕೆಸರಿನೊಳಗೆ.

ತಪ್ಪು ನಿಮ್ಮದಲ್ಲ, ನಮ್ಮಂಥ ಪತ್ರಿಕೆಯವರದ್ದು. ರಿಬ್ಬನ್ ಕತ್ತರಿಸುವ ದಿನ ಮೂರು ಕಾಲಂ ಫೋಟೋ ಹಾಕುತ್ತೇವೆ. ಮಾರನೇ ದಿನ ಯಾರು ದಾಟಿದರು ಅಂತ ನೋಡಲು ಯಾರನ್ನೂ ಕಳಿಸುವುದಿಲ್ಲ. ಕಳಿಸಿ ಅಂದರೆ ಬಜೆಟ್ ಇಲ್ಲ ಅಂತಾರೆ, ಫೋಟೋಗೆ ಮಾತ್ರ ಇರುತ್ತದೆ.

ನೀವು ಪತ್ರದ ಜೊತೆ ಕಳಿಸಿದ ಸೇತುವೆಯ ಚಿತ್ರ ನೋಡಿದೆ. ಗೋಪುರಗಳು ಸೊಗಸಾಗಿ ಬಂದಿವೆ. ಕೆಳಗೆ ಎಡಮೂಲೆಯಲ್ಲಿ, ನೀರಿನ ಮೇಲೆ ಸಣ್ಣ ಕಪ್ಪು ಗೆರೆಯೊಂದಿದೆ ನೋಡಿ. ಅದು ದೋಣಿ. ಜನ ತುಂಬಿದೆ.