ಇಂಗ್ಲಿಷಿನ ‘ಜೆ’ ಅಕ್ಷರದಿಂದ ಶುರುವಾಗುವ ಪದಗಳನ್ನು ಅರ್ಥಸಹಿತ ನೆನಪಿಟ್ಟುಕೊಳ್ಳುವುದು ಹೇಗೆ?

‘ಜೆ’ಯಿಂದ ಶುರುವಾಗುವ ಪದಗಳು ಓದಿದ ಮರುದಿನವೇ ಮರೆತುಹೋಗುತ್ತವೆ, ಅರ್ಥದೊಂದಿಗೆ ಒಂದು ಪಟ್ಟಿ ಕೊಡಿ ಎಂದು ಕೇಳಿದ್ದೀರಿ. ಪದಗಳನ್ನೂ ಅರ್ಥಗಳನ್ನೂ ಕೊಡುತ್ತೇನೆ, ಆದರೆ ಪಟ್ಟಿಯಾಗಿ ಅಲ್ಲ. ನಾನೂ ಒಂದು ಕಾಲಕ್ಕೆ ದಿನಕ್ಕೆ ಇಪ್ಪತ್ತರಂತೆ ಅಕಾರಾದಿಯಲ್ಲಿ ಉರುಹೊಡೆದವನು. ವಾರ ಕಳೆಯುವಷ್ಟರಲ್ಲಿ ಎಲ್ಲ ಕಲಸಿಹೋಗುತ್ತಿತ್ತು. ಈ ಅಕ್ಷರದ ಪದಗಳು ನನಗೆ ಕೈವಶವಾದದ್ದು ಕನ್ನಡ ವ್ಯಾಕರಣದ ಹಳೆಯ ಪಾಠವೊಂದು ನೆನಪಾದ ಮೇಲೆ. ತತ್ಸಮ-ತದ್ಭವದ ಪಾಠ.

ಶಾಲೆಯಲ್ಲಿ ಓದಿದ್ದು ನಿಮಗೂ ನೆನಪಿರಬೇಕು. ಯಾತ್ರೆ ಜಾತ್ರೆಯಾಯಿತು, ಯೋಗಿ ಜೋಗಿಯಾದ, ಯೌವನ ಜವ್ವನವಾಯಿತು, ಯಮ ಜವನಾದ. ಪದದ ಮೊದಲಿನ ‘ಯ’ಕಾರ ನಮ್ಮ ಬಾಯಲ್ಲಿ ‘ಜ’ಕಾರವಾಯಿತು. ಲ್ಯಾಟಿನ್ ಪದಗಳು ಫ್ರೆಂಚಿನ ಹಾದಿಯಾಗಿ ಇಂಗ್ಲಿಷಿಗೆ ಬರುವಾಗ ಆದದ್ದೂ ಹೆಚ್ಚುಕಡಿಮೆ ಇದೇ. ಪ್ರಾಚೀನ ರೋಮಿನವರಿಗೆ ‘ಜೆ’ ಅಕ್ಷರವೇ ಇರಲಿಲ್ಲ. ‘ಐ’ ಎಂಬ ಒಂದೇ ಅಕ್ಷರ ಒಂದು ಕಡೆ ‘ಇ’ ಸ್ವರವಾಗಿ, ಇನ್ನೊಂದು ಕಡೆ ‘ಯ’ ವ್ಯಂಜನವಾಗಿ ದುಡಿಯುತ್ತಿತ್ತು. ಜೂಲಿಯಸ್ ಸೀಸರ್ ತನ್ನ ಕಾಲದವರ ಬಾಯಲ್ಲಿ ‘ಯೂಲಿಯುಸ್’ ಆಗಿದ್ದ. ಎರಡನ್ನೂ ಬೇರೆ ಬೇರೆ ಅಕ್ಷರಗಳಾಗಿ ಬರೆಯಬೇಕೆಂದು ಇಟಲಿಯ ತ್ರಿಸ್ಸಿನೊ ಎಂಬ ವಿದ್ವಾಂಸ 1524ರಲ್ಲಿ ವಾದಿಸಿದ. ಇಂಗ್ಲಿಷಿನಲ್ಲಿ ಅದು ನೆಲೆಯೂರಲು ಇನ್ನೂ ನೂರು ವರ್ಷದ ಮೇಲೆ ಹಿಡಿಯಿತು. 1611ರ ಇಂಗ್ಲಿಷ್ ಬೈಬಲ್ಲಿನ ಮೊದಲ ಮುದ್ರಣದಲ್ಲಿ ಜೀಸಸ್ ಹೆಸರು ‘ಐ’ಯಿಂದಲೇ ಶುರುವಾಗುತ್ತದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ನಿಘಂಟಿನಲ್ಲೂ ‘ಐ’ ಮತ್ತು ‘ಜೆ’ ಪದಗಳು ಒಂದೇ ವಿಭಾಗದಲ್ಲಿ ಬೆರೆತುಕೊಂಡಿವೆ. ಕನ್ನಡದಲ್ಲಿ ನಾವು ಯೇಸು, ಯೋಹಾನ, ಯೆರೂಸಲೇಮ್ ಎನ್ನುತ್ತೇವೆ, ಇಂಗ್ಲಿಷಿನವರು ಜೀಸಸ್, ಜಾನ್, ಜೆರೂಸಲೆಮ್ ಎನ್ನುತ್ತಾರೆ. ಅದೇ ‘ಯ’, ಅದೇ ‘ಜ’.

ಈಗ ಈ ಕೀಲಿಯನ್ನು ಪದಗಳಿಗೆ ಹಾಕಿ ನೋಡಿ.

ಜುವೆನೈಲ್ ಎಂದರೆ ಬಾಲ್ಯ-ಹದಿಹರೆಯಕ್ಕೆ ಸಂಬಂಧಿಸಿದ್ದು, ಕೆಲವೊಮ್ಮೆ ಬಾಲಿಶವಾದದ್ದು. ‘ಜ’ ತೆಗೆದು ‘ಯ’ ಇಟ್ಟರೆ ‘ಯುವೆನ್’, ಸಂಸ್ಕೃತದ ‘ಯುವನ್’ ಪಕ್ಕದಲ್ಲೇ ನಿಂತಿದೆ. ಎರಡೂ ನಿಜವಾಗಿಯೂ ಒಂದೇ ಮೂಲದವು. ಜೂನಿಯರ್ ಅದೇ ಮನೆಯ ಕೂಸು, ‘ಹೆಚ್ಚು ಯುವ’ ಎಂದೇ ಅದರ ಮೂಲಾರ್ಥ. ಇಂಗ್ಲಿಷಿನ ಸ್ವಂತ ಪದವಾದ ‘ಯಂಗ್’ ಕೂಡ ಈ ಕುಟುಂಬದ್ದೇ. ಆದರೆ ಅದು ಫ್ರೆಂಚಿನ ದಾರಿ ಹಿಡಿಯದ ಕಾರಣ ‘ಯ’ವನ್ನು ಉಳಿಸಿಕೊಂಡಿತು. ಹಳೆಯ ಇಂಗ್ಲಿಷಿನಿಂದ ನೇರವಾಗಿ ಇಳಿದುಬಂದ ಪದ ನಿಘಂಟಿನ ‘ಜೆ’ ಭಾಗದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬಹುಪಾಲು ನೆಂಟರೇ.

ಎರಡನೆಯದು ನನಗೆ ತುಂಬ ಪ್ರಿಯವಾದ ಕುಟುಂಬ. ಸಂಸ್ಕೃತದ ‘ಯುಜ್’ ಧಾತು, ಅಂದರೆ ಕೂಡಿಸು. ಅದರಿಂದ ಯೋಗ, ಸಂಯೋಗ, ಯುಗ್ಮ. ಲ್ಯಾಟಿನ್ನಿನಲ್ಲಿ ಅದರ ದಾಯಾದಿ ‘ಯುಂಗೆರೆ’. ಅದರಿಂದ ಇಂಗ್ಲಿಷಿಗೆ ಜಾಯಿನ್, ಜಾಯಿಂಟ್, ಜಂಕ್ಷನ್ ಬಂದವು. ಇವು ನಿಮಗೆ ಗೊತ್ತಿರುವವೇ. ಇವುಗಳ ಬೆನ್ನಿಗೆ ಕಷ್ಟದ ಪದಗಳನ್ನು ಕಟ್ಟಿಕೊಳ್ಳಿ. ಜಂಕ್ಚರ್ ಎಂದರೆ ಹಲವು ಸಂಗತಿಗಳು ಒಂದೆಡೆ ಕೂಡಿದ ನಿರ್ಣಾಯಕ ಗಳಿಗೆ. ಜಕ್ಸ್‌ಟಪೋಸ್ ಎಂದರೆ ಎರಡನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ಕಾಣಿಸುವುದು. ಜಂಟಾ ಎಂದರೆ ಬಲಪ್ರಯೋಗದಿಂದ ಅಧಿಕಾರ ಹಿಡಿದ ಸೇನಾಧಿಕಾರಿಗಳ ಕೂಟ. ಇದು ಸ್ಪ್ಯಾನಿಷ್‌ನಿಂದ ಬಂದ ಪದವಾದ್ದರಿಂದ ‘ಹುಂಟಾ’ ಎಂದು ಉಚ್ಚರಿಸುವವರೂ ಇದ್ದಾರೆ. ‘ಯೋಗ’ ಎಂಬ ಒಂದು ಪದ ನೆನಪಿದ್ದರೆ ಇವಿಷ್ಟೂ ಜೊತೆಗೆ ಬರುತ್ತವೆ.

ನ್ಯಾಯದ ಕುಟುಂಬ ದೊಡ್ಡದು. ಲ್ಯಾಟಿನ್ನಿನ ‘ಯುಸ್’ ಎಂದರೆ ನ್ಯಾಯ, ಹಕ್ಕು. ಅದರಿಂದ ಜಸ್ಟ್, ಜಸ್ಟಿಸ್, ಜಸ್ಟಿಫೈ. ಜಡ್ಜ್ ಎಂದರೆ ಮೂಲದಲ್ಲಿ ‘ನ್ಯಾಯವನ್ನು ನುಡಿಯುವವನು’. ಜೂರಿಸ್‌ಡಿಕ್ಷನ್ ಎಂದರೆ ನ್ಯಾಯ ನುಡಿಯುವ ಅಧಿಕಾರದ ವ್ಯಾಪ್ತಿ. ಜೂರಿ ಎಂದರೆ ಪ್ರಮಾಣ ಸ್ವೀಕರಿಸಿ ಕೂತ ಪಂಚರು. ಎಲ್ಲರೂ ಎಡವುವುದು ಇಲ್ಲಿಯೇ. ಜುಡಿಶಿಯಲ್ ಎಂದರೆ ನ್ಯಾಯಾಲಯಕ್ಕೆ, ನ್ಯಾಯಾಂಗಕ್ಕೆ ಸಂಬಂಧಿಸಿದ್ದು, ಜುಡಿಶಿಯಸ್ ಎಂದರೆ ವಿವೇಕದಿಂದ ಕೂಡಿದ್ದು. ತನಿಖೆ ಜುಡಿಶಿಯಲ್ ಆಗಿರಬಹುದು, ಹಣದ ಬಳಕೆ ಜುಡಿಶಿಯಸ್ ಆಗಿರಬಹುದು. ಅದಲುಬದಲಾದರೆ ಅರ್ಥವೇ ಕೆಡುತ್ತದೆ. ಅರ್ಜಿಯೊಂದರಲ್ಲಿ ನಾನೇ ಈ ತಪ್ಪು ಮಾಡಿ, ಹಿರಿಯರೊಬ್ಬರು ತಿದ್ದಿದ ಮೇಲೆ ಎರಡಕ್ಕೂ ಒಂದೊಂದು ವಾಕ್ಯ ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ. ನೀವೂ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ವಾಕ್ಯದೊಳಗೆ ಕೂರಿಸಿ ಬರೆದುಕೊಳ್ಳಿ.

ಕೆಲವು ಪದಗಳಿಗೆ ಕುಟುಂಬಕ್ಕಿಂತ ಕಥೆಯೇ ಆಸರೆ. ಜೆಪರ್ಡಿ ಎಂದರೆ ಈಗ ಅಪಾಯ. ಹುಟ್ಟಿನಲ್ಲಿ ಅದು ಫ್ರೆಂಚಿನ ‘ಸಮನಾಗಿ ಹಂಚಿಹೋದ ಆಟ’, ಅಂದರೆ ಯಾರು ಗೆಲ್ಲುತ್ತಾರೋ ಹೇಳಲಾಗದ ಆಟ. ಗೆಲುವು ಅನಿಶ್ಚಿತವಾದಲ್ಲಿಂದ ಸೋಲಿನ ಭಯಕ್ಕೆ ಒಂದೇ ಹೆಜ್ಜೆ. ಜರ್ನಿ ಮೂಲದಲ್ಲಿ ಒಂದು ದಿನದಲ್ಲಿ ನಡೆಯಬಹುದಾದ ದೂರ, ಜರ್ನಲ್ ದಿನದಿನದ ದಾಖಲೆ. ಎರಡರ ಹಿಂದೆಯೂ ಲ್ಯಾಟಿನ್ನಿನ ‘ದಿನ’ ಎಂಬರ್ಥದ ಪದವಿದೆ, ಅದು ಸಂಸ್ಕೃತದ ‘ದಿವಸ’ಕ್ಕೆ ನೆಂಟ. ಜೋವಿಯಲ್ ಎಂದರೆ ನಗುಮುಖದ, ಉಲ್ಲಾಸದ ಸ್ವಭಾವ. ಗುರುಗ್ರಹದ ಪ್ರಭಾವದಲ್ಲಿ ಹುಟ್ಟಿದವರು ಹಾಗಿರುತ್ತಾರೆಂದು ಯುರೋಪಿನ ಹಳೆಯ ಜ್ಯೋತಿಷಿಗಳು ನಂಬಿದ್ದರು, ಗುರುವಿನ ಅಧಿದೇವತೆ ಜೋವ್, ಅಂದರೆ ಜುಪಿಟರ್. ಜೇಡೆಡ್ ಎಂದರೆ ಬಳಲಿ ಬೇಸತ್ತು ಯಾವುದರಲ್ಲೂ ರುಚಿ ಉಳಿಯದ ಸ್ಥಿತಿ. ಜೇಡ್ ಎಂದರೆ ದುಡಿದು ಸವೆದ ಕುದುರೆ, ಹಸಿರು ಕಲ್ಲಿಗೆ ಇರುವ ಅದೇ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ಜೆಟಿಸನ್ ಎಂದರೆ ಬೇಡದ್ದನ್ನು ಎಸೆದು ಹಗುರಾಗುವುದು, ಮುಳುಗುವ ಭಯದಲ್ಲಿ ಹಡಗಿನ ಸರಕನ್ನು ಸಮುದ್ರಕ್ಕೆ ಎಸೆಯುತ್ತಿದ್ದುದರಿಂದ ಬಂದ ಪದ. ಜಾರ್ಗನ್ ಮೊದಲು ಹಕ್ಕಿಗಳ ಚಿಲಿಪಿಲಿಯಾಗಿತ್ತು, ಈಗ ಒಂದು ವೃತ್ತಿಯವರಿಗಷ್ಟೇ ತಿಳಿಯುವ ಪರಿಭಾಷೆ.

ನಮ್ಮ ನೆಲದಿಂದ ಹೋದವೂ ಇವೆ. ಜಂಗಲ್‌ನ ಮೂಲವಾದ ಸಂಸ್ಕೃತದ ‘ಜಾಂಗಲ’ಕ್ಕೆ ಒಣಭೂಮಿ ಎಂಬ ಅರ್ಥವಿತ್ತು, ಇಂಗ್ಲಿಷಿಗೆ ಹೋಗುವಷ್ಟರಲ್ಲಿ ದಟ್ಟ ಕಾಡಾಯಿತು. ಜಗ್ಗರ್‌ನಾಟ್ ಎಂದರೆ ಅಡ್ಡ ಬಂದದ್ದನ್ನೆಲ್ಲ ತುಳಿದು ಸಾಗುವ ತಡೆಯಲಾಗದ ಶಕ್ತಿ. ಪುರಿಯ ಜಗನ್ನಾಥನ ರಥವನ್ನು ಕಂಡ, ಅದರ ಬಗ್ಗೆ ಕೇಳಿದ ಪರದೇಶಿಗಳ ವರ್ಣನೆಗಳಿಂದ ಹುಟ್ಟಿದ ಪದ ಅದು.

ಇನ್ನು ಜಂಪ್, ಜೋಲ್ಟ್, ಜರ್ಕ್, ಜ್ಯಾಬ್‌ಗಳಂಥ ಪುಟ್ಟ ಪದಗಳು. ಜೋಲ್ಟ್ ಎಂದರೆ ಥಟ್ಟನೆ ಅಲುಗಿಸುವ ಏಟು, ಜರ್ಕ್ ಎಂದರೆ ಹಠಾತ್ ಎಳೆತ, ಜ್ಯಾಬ್ ಎಂದರೆ ಚುಚ್ಚಿದಂಥ ತಿವಿತ. ಇವುಗಳಿಗೆ ಬೇರು ಹುಡುಕುತ್ತ ಕೂರಬೇಡಿ, ಸದ್ದನ್ನು ಕೇಳಿ. ಕನ್ನಡದ ಜಿಗಿ, ಜಗ್ಗು, ಜಾಡಿಸು, ಜಜ್ಜು ಇವುಗಳ ಪಕ್ಕಕ್ಕೆ ಇಟ್ಟು ಗಟ್ಟಿಯಾಗಿ ಹೇಳಿಕೊಳ್ಳಿ. ಇಲ್ಲಿ ನೆಂಟಸ್ತಿಕೆಯಿಲ್ಲ, ಆದರೂ ನೆನಪಿಗೆ ಈ ಸದ್ದೇ ಸಾಕು.

ಜೆಲಸ್ ಬಗ್ಗೆಯೂ ಒಂದು ಮಾತು, ಏಕೆಂದರೆ ಪರೀಕ್ಷೆಗಳಲ್ಲಿ ಅದನ್ನು ‘ಝೆಲಸ್’ ಜೊತೆಗಿಟ್ಟು ಕೇಳುತ್ತಾರೆ. ಎರಡೂ ಒಂದೇ ಗ್ರೀಕ್ ಪದದಿಂದ ಬಂದವು. ಜೆಲಸ್ ಎಂದರೆ ಮತ್ಸರದ, ಝೆಲಸ್ ಎಂದರೆ ಉತ್ಕಟ ಉತ್ಸಾಹದ.

ನಾಳೆ ಬೆಳಿಗ್ಗೆ ಒಂದು ಖಾಲಿ ಹಾಳೆ ತೆಗೆದುಕೊಂಡು ನಡುವೆ ‘ಯೋಗ’ ಎಂದು ಬರೆದು, ನೆನಪಾದ ‘ಜೆ’ ಪದಗಳನ್ನು ಸುತ್ತ ಬರೆಯಿರಿ. ಆಮೇಲೆ ‘ಯುವ’, ಆಮೇಲೆ ‘ನ್ಯಾಯ’. ಹೀಗೆ ಚುಟುಕಾಗಿ ಬರೆದಿಟ್ಟುಕೊಳ್ಳುವುದಕ್ಕೂ ಇಂಗ್ಲಿಷಿನಲ್ಲಿ ‘ಜೆ’ಯದ್ದೇ ಪದವಿದೆ: ಜಾಟ್. ಗ್ರೀಕರ ಅತಿ ಸಣ್ಣ ಅಕ್ಷರ ‘ಇಯೋಟ’ದಿಂದ ಬಂದದ್ದು, ಅಂದರೆ ‘ಜೆ’ಯನ್ನು ಹೆತ್ತ ಅದೇ ‘ಐ’ಯಿಂದ.