ಮಾರಿಯೋ ಬಿಟ್ಟು ಇಷ್ಟು ವರ್ಷದ ಮೇಲೆ ಮತ್ತೆ ಶುರು ಮಾಡುವವರು ಯಾವ ವಿಡಿಯೋ ಗೇಮ್ ಆಡಬೇಕು?

ಟಿವಿಗೆ ಸಿಕ್ಕಿಸಿ ಆಡುವ ಪಿಎಸ್5 ಕನ್ಸೋಲ್ ಈಗಲೇ ತಗೋಬೇಡಿ.

ಚಿಕ್ಕಂದಿನಲ್ಲಿ ಮಾರಿಯೋ, ಕಾಂಟ್ರಾ ಆಡಿದ್ದು ಬಿಟ್ಟರೆ ಗೇಮ್ ಮುಟ್ಟಿಲ್ಲ, ಈಗ ಮೂವತ್ತು ದಾಟಿದೆ, ಫೋನ್ ಗೇಮಿನಿಂದ ಹಿಡಿದು ದೊಡ್ಡ ಕನ್ಸೋಲ್ ಗೇಮಿನವರೆಗೆ ನಿಜವಾಗಿ ಆಡುವಂಥದ್ದು ಯಾವುದು ಅಂತ ಕೇಳಿದ್ದೀರಿ. ದಿನಾ ಮೆಟ್ರೋದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಓಡಾಟ, ಮನೆಯಲ್ಲಿ ಹೆಂಡತಿಗೂ ಆಸಕ್ತಿ ಇದೆ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಶುರುವಿಗೆ ಕೈಯಲ್ಲಿರುವ ಫೋನೇ ಸಾಕು. ಆಮೇಲೆ ಲ್ಯಾಪ್‌ಟಾಪ್. ಕನ್ಸೋಲ್ ಕೊನೆಗೆ, ಅದೂ ಬೇಕು ಅನಿಸಿದರೆ ಮಾತ್ರ.

ಒಂದು ಗೇಮ್ ಆಡುವಂಥದ್ದೋ ಅಲ್ಲವೋ ಅಂತ ನಾನು ನೋಡುವುದು ಒಂದೇ ವಿಷಯ. ಅದು ನನ್ನನ್ನು ಸುಮ್ನೆ ಬಿಡುತ್ತದಾ? ಪ್ಲೇ ಸ್ಟೋರಿನಲ್ಲಿ ಮೇಲೆ ಕಾಣುವ ಎಷ್ಟೋ ಫ್ರೀ ಗೇಮ್‌ಗಳು ಬಿಡುವುದಿಲ್ಲ. ಎನರ್ಜಿ ಮುಗಿಯಿತು, ಕಾಯಿರಿ ಇಲ್ಲಾ ದುಡ್ಡು ಕೊಡಿ ಅನ್ನುತ್ತವೆ. ಇವತ್ತು ಬರದಿದ್ದರೆ ಬಹುಮಾನ ಹೋಯಿತು ಅಂತ ರಾತ್ರಿ ಹತ್ತಕ್ಕೆ ನೋಟಿಫಿಕೇಶನ್ ಕಳಿಸುತ್ತವೆ. ಅಂಥ ಗೇಮಿಗೆ ಮುಗಿಯುವುದು ಅಂತಲೇ ಇಲ್ಲ, ಯಾಕೆಂದರೆ ನೀವು ಮುಗಿಸಿ ಎದ್ದು ಹೋದರೆ ಮಾಡಿದವರಿಗೆ ನಷ್ಟ. ಒಳ್ಳೆಯ ಗೇಮ್ ಒಂದೋ ಚೆನ್ನಾಗಿ ಮುಗಿಯುತ್ತದೆ, ಇಲ್ಲಾ ಯಾವಾಗ ಬೇಕಾದರೂ ಎತ್ತಿ ಯಾವಾಗ ಬೇಕಾದರೂ ಇಡಲು ಬಿಡುತ್ತದೆ. ಅದಕ್ಕೇ ನಾನು ಯಾರು ಕೇಳಿದರೂ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಗೇಮ್ ಹುಡುಕಿ ಅನ್ನುತ್ತೇನೆ. ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನಿಗೆ ಕೊಡುವ ದುಡ್ಡಿನಲ್ಲಿ ವರ್ಷಗಟ್ಟಲೆ ಆಡುವ ಫೋನ್ ಗೇಮ್ ಸಿಗುತ್ತದೆ. ದುಡ್ಡು ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಆಪ್‌ಗಳನ್ನು ನಾನು ಗೇಮ್ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ಅವನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು.

ನಿಮಗೆ ಮೊದಲು ಹೇಳಬೇಕಾದ ಗೇಮ್ ಮಿನಿ ಮೆಟ್ರೋ. ನ್ಯೂಜಿಲೆಂಡಿನ ಒಂದು ಪುಟ್ಟ ತಂಡ ಮಾಡಿದ್ದು. ಬಿಳಿ ಪರದೆ, ಒಂದು ನದಿ, ಮೂರು ಸ್ಟೇಷನ್. ಒಂದು ದುಂಡಗೆ, ಒಂದು ತ್ರಿಕೋನ, ಒಂದು ಚೌಕ. ಬೆರಳಲ್ಲಿ ಗೆರೆ ಎಳೆದರೆ ಅದೇ ಮೆಟ್ರೋ ಲೈನ್. ಪ್ರಯಾಣಿಕರೂ ಪುಟ್ಟ ಪುಟ್ಟ ಆಕಾರಗಳೇ, ತ್ರಿಕೋನದವರಿಗೆ ತ್ರಿಕೋನದ ಸ್ಟೇಷನ್ನಿಗೇ ಹೋಗಬೇಕು. ಹೊಸ ಸ್ಟೇಷನ್‌ಗಳು ಎಲ್ಲೆಲ್ಲೋ ಹುಟ್ಟುತ್ತಾ ಹೋಗುತ್ತವೆ, ವಾರಕ್ಕೊಂದು ಹೊಸ ರೈಲು ಸಿಗುತ್ತದೆ. ಯಾವುದಾದರೂ ಸ್ಟೇಷನ್ನಿನಲ್ಲಿ ಜನ ತುಂಬಿ ತುಂಬಾ ಹೊತ್ತು ನಿಂತರೆ ಆಟ ಮುಗಿಯಿತು.

ಇದನ್ನು ಆಡಿದ ಮೇಲೆ ನಮ್ಮ ಹಳದಿ ಮಾರ್ಗ ನನಗೆ ಬೇರೆಯೇ ಥರ ಅರ್ಥವಾಯಿತು. 2025ರ ಆಗಸ್ಟಿನಲ್ಲಿ ಆರ್‌ವಿ ರೋಡಿನಿಂದ ಬೊಮ್ಮಸಂದ್ರಕ್ಕೆ ಲೈನ್ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಲೈನ್ ಬಂತಲ್ಲ, ಇನ್ನೂ ಯಾಕೆ ಕಾಯಬೇಕು ಅಂತ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ಗೊಣಗುತ್ತಿದ್ದರು, ಅಲ್ವಾ? ಮಿನಿ ಮೆಟ್ರೋ ಆಡುವವರಿಗೆ ಇದು ಬೇಗ ಗೊತ್ತಾಗುತ್ತದೆ. ಗೆರೆ ಎಳೆಯುವುದು ಸುಲಭ. ಕಷ್ಟ ಇರುವುದು ಆ ಗೆರೆಯ ಮೇಲೆ ಓಡಿಸಲು ರೈಲು ಹೊಂದಿಸುವುದರಲ್ಲಿ, ಮತ್ತೆ ಎರಡು ಲೈನ್ ಸೇರುವ ಸ್ಟೇಷನ್ನಿನಲ್ಲಿ ಜನ ತುಂಬಿಕೊಳ್ಳದ ಹಾಗೆ ನೋಡಿಕೊಳ್ಳುವುದರಲ್ಲಿ. ಲೈನಿಗೆ ಇನ್ನೊಂದು ಸ್ಟೇಷನ್ ಸೇರಿಸಿದರೆ ಉಳಿದವರೆಲ್ಲ ಅಷ್ಟು ಹೊತ್ತು ಜಾಸ್ತಿ ಕಾಯಬೇಕು. ಪಾಠದ ಥರ ಯಾರೂ ಹೇಳಿಕೊಡುವುದಿಲ್ಲ, ಸೋತಾಗ ತಾನೇ ಕಾಣುತ್ತದೆ. ಇಂಟರ್‌ನೆಟ್ಟೂ ಬೇಡ. ಮೆಜೆಸ್ಟಿಕ್ ಕಡೆಯ ಸುರಂಗದಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಆಟ ನಿಲ್ಲುವುದಿಲ್ಲ.

ಇನ್ನೊಂದು ಫ್ಲಾರೆನ್ಸ್. 2018ರದು, ಆಸ್ಟ್ರೇಲಿಯಾದ ಮೆಲ್ಬರ್ನಿನ ತಂಡದ್ದು. ಅರ್ಧ ಗಂಟೆಯ ಸುಮಾರಿಗೆ ಮುಗಿದೇ ಹೋಗುತ್ತದೆ. ಇಪ್ಪತ್ತೈದರ ಹುಡುಗಿ, ಬೇಜಾರಿನ ಕೆಲಸ, ಆಮೇಲೆ ಕ್ರಿಶ್ ಅನ್ನುವ ಚೆಲ್ಲೋ ನುಡಿಸುವ ಹುಡುಗ ಸಿಗುತ್ತಾನೆ, ಭಾರತೀಯ ಮೂಲದವನು. ಇಷ್ಟೇ ಕತೆ. ಆದರೆ ಹೇಳುವ ರೀತಿ ನೋಡಿ. ಮೊದಲ ಸಲ ಇಬ್ಬರೂ ಹೋಟೆಲಿನಲ್ಲಿ ಕೂತು ಮಾತಾಡುವಾಗ ಅವಳ ಮಾತಿನ ಗುಳ್ಳೆಯನ್ನು ನೀವು ಜೋಡಿಸಬೇಕು, ಚೂರು ಚೂರಾಗಿರುತ್ತದೆ, ಜಿಗ್‌ಸಾ ಥರ. ಭೇಟಿ ಮುಂದುವರಿದ ಹಾಗೆ ಚೂರುಗಳು ಕಡಿಮೆಯಾಗುತ್ತಾ ಹೋಗುತ್ತವೆ, ಕೊನೆಗೆ ಒಂದೇ ತುಂಡು, ಸುಮ್ನೆ ಇಟ್ಟರೆ ಆಯಿತು. ಮಾತು ಸಲೀಸಾಯಿತು ಅನ್ನುವುದನ್ನು ಅವರು ಒಂದು ಪದವೂ ಇಲ್ಲದೆ ನಮ್ಮ ಬೆರಳಿಗೇ ಹೇಳಿಬಿಟ್ಟರು! ಮುಂದೆ ಜಗಳ ಬಂದಾಗ ಅದೇ ಚೂರುಗಳು ಚೂಪಾಗಿ ಬರುತ್ತವೆ, ಬೇಗ ಬೇಗ ಜೋಡಿಸಬೇಕಾಗುತ್ತದೆ, ಯೋಚನೆಗೆ ಸಮಯವೇ ಇರುವುದಿಲ್ಲ. ಇದು ಸಿನಿಮಾದಲ್ಲಿ ಆಗುವ ಕೆಲಸ ಅಲ್ಲ, ಪುಸ್ತಕದಲ್ಲೂ ಅಲ್ಲ. ಗೇಮಲ್ಲಿ ಏನಿದೆ, ಬರೀ ಟೈಮ್ ವೇಸ್ಟ್ ಅನ್ನುವವರಿಗೆ ನಾನು ವಾದ ಮಾಡುವುದಿಲ್ಲ, ಇದನ್ನು ಕೈಗೆ ಕೊಡುತ್ತೇನೆ.

ಮನೆಯಲ್ಲಿ ಇಂಗ್ಲಿಷ್ ಓದಲು ಕಷ್ಟಪಡುವ ಹಿರಿಯರಿದ್ದರೆ ಅವರಿಗೂ ಇಂಥವೇ ಸರಿ. ಮಾನ್ಯುಮೆಂಟ್ ವ್ಯಾಲಿಯಲ್ಲಿ ಓದುವಂಥದ್ದು ಬಹಳ ಕಡಿಮೆ. ಗೋಪುರ ತಿರುಗಿಸಿದರೆ ಇಲ್ಲದ ದಾರಿ ಕಾಣುತ್ತದೆ, ಅಷ್ಟೇ. ಆಲ್ಟೋಸ್ ಒಡಿಸ್ಸಿಯಲ್ಲಿ ಮರಳ ಮೇಲೆ ಜಾರುತ್ತಾ ಹೋಗುವುದು, ಹಾರಬೇಕಾದಾಗ ಒಂದು ಬೆರಳು ಮುಟ್ಟಿಸಿದರೆ ಸಾಕು. ನಮ್ಮಮ್ಮ ಈ ಎರಡನ್ನೂ ಆಡುತ್ತಾರೆ, ಒಡಿಸ್ಸಿಯಲ್ಲಿ ನನಗಿಂತ ದೂರ ಹೋಗುತ್ತಾರೆ.

ಬಿಜಿಎಂಐ, ಅಂದರೆ ಪಬ್‌ಜಿ ಅನ್ನುವ ಗುಂಡು ಹಾರಿಸುವ ಫೋನ್ ಗೇಮಿನ ಭಾರತದ ರೂಪ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ, ಆಫೀಸಿನಲ್ಲಿ ಯಾರಾದರೂ ಕರೆದೇ ಕರೆಯುತ್ತಾರೆ. ಪಬ್‌ಜಿ 2020ರಲ್ಲಿ ಬ್ಯಾನ್ ಆದ ಮೇಲೆ 2021ರಲ್ಲಿ ಬಂದದ್ದು, ನಡುವೆ ಮತ್ತೆ ಸ್ಟೋರಿನಿಂದ ಹೋಗಿ 2023ರಲ್ಲಿ ವಾಪಸ್ ಬಂತು. ಸ್ನೇಹಿತರು ನಾಲ್ಕು ಜನ ಸೇರಿ ಕೂಗಾಡುತ್ತಾ ಆಡಿದರೆ ಖುಷಿಯೇ. ಒಬ್ಬರೇ ರಾತ್ರಿ ಕೂತು ಆಡುವುದಾದರೆ ನಾನು ಬೇಡ ಅನ್ನುತ್ತೇನೆ.

ಇನ್ನು ಲ್ಯಾಪ್‌ಟಾಪ್. ಸ್ಟೀಮ್ ಅಂತ ಅಂಗಡಿ ಇದೆ, ರೂಪಾಯಿಯಲ್ಲೇ ಬೆಲೆ, ಯುಪಿಐ ನಡೆಯುತ್ತದೆ. ಕೊಂಡು 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಇಷ್ಟವಾಗಲಿಲ್ಲ ಅಂದರೂ ದುಡ್ಡು ವಾಪಸ್ ಕೊಡುತ್ತಾರೆ. ಇದನ್ನು ಸಂಕೋಚವಿಲ್ಲದೆ ಬಳಸಿ. ಎಪಿಕ್ ಅನ್ನುವ ಇನ್ನೊಂದು ಅಂಗಡಿ ವಾರವಾರ ಗೇಮ್ ಉಚಿತವಾಗಿ ಕೊಡುತ್ತದೆ, ಅಕೌಂಟ್ ಮಾಡಿಟ್ಟುಕೊಳ್ಳಿ.

ಮಾರಿಯೋ ಆಡಿದ ಕೈಗೆ ಮೊದಲು ಸೆಲೆಸ್ಟ್. ಇದೂ ಪಕ್ಕಕ್ಕೆ ಓಡುವ, ಹಾರುವ ಆಟವೇ, ಒಬ್ಬ ಹುಡುಗಿ ಬೆಟ್ಟ ಹತ್ತುತ್ತಾಳೆ. ಬಿದ್ದರೆ ಕ್ಷಣದಲ್ಲಿ ಅಲ್ಲೇ ಹತ್ತಿರದ ಜಾಗದಿಂದ ಮತ್ತೆ ಶುರು, ಮೂರು ಜೀವ ಮುಗಿಯಿತು ಅನ್ನುವ ಮಾತಿಲ್ಲ. ಕಷ್ಟ ಇದೆ, ನಿಜ. ಆದರೆ ಅಸಿಸ್ಟ್ ಮೋಡ್ ಅಂತ ಇಟ್ಟಿದ್ದಾರೆ, ಆಟದ ವೇಗ ತಗ್ಗಿಸಬಹುದು, ಸುಸ್ತಾಗದ ಹಾಗೆ ಮಾಡಿಕೊಳ್ಳಬಹುದು. ಅದನ್ನು ಹಾಕಿಕೊಂಡರೆ ಯಾವ ಅವಮಾನವೂ ಇಲ್ಲ. ಆ ಹುಡುಗಿಯ ಆತಂಕದ ಕತೆ ಕೊನೆಯವರೆಗೆ ನೋಡುವುದು ಮುಖ್ಯ.

ಸ್ಟಾರ್‌ಡ್ಯೂ ವ್ಯಾಲಿ ಬಗ್ಗೆ ಎಲ್ಲರೂ ಹೇಳುತ್ತಾರೆ, ಹೇಳಲೇಬೇಕಾದ್ದು. ಎರಿಕ್ ಬರೋನ್ ಅನ್ನುವ ಒಬ್ಬರೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಚಿತ್ರ, ಸಂಗೀತ, ಕತೆ, ಕೋಡು ಎಲ್ಲ ಮಾಡಿ 2016ರಲ್ಲಿ ಬಿಟ್ಟರು. ಆಫೀಸ್ ಕೆಲಸ ಬಿಟ್ಟು ತಾತನ ಹೊಲಕ್ಕೆ ಹೋಗುವ ಕತೆ. ಬೆಂಗಳೂರಿನಲ್ಲಿ ಕೂತು ಊರಿನ ತೋಟ ನೆನೆಸಿಕೊಳ್ಳುವ ನಮ್ಮಂಥವರಿಗೆ ಬೇರೆ ವಿವರಣೆ ಬೇಡ. ಇದು ಮುಗಿಯುವುದಿಲ್ಲ, ಆದರೆ ಕರೆಯುವುದೂ ಇಲ್ಲ. ಆರು ತಿಂಗಳು ಬಿಟ್ಟು ಹೋದರೂ ನಿಮ್ಮ ಬೆಳೆ ಒಣಗಿರುವುದಿಲ್ಲ, ಬಿಟ್ಟ ದಿನವೇ ನಿಂತಿರುತ್ತದೆ.

ವೆಣ್ಬಾ ಸಣ್ಣ ಗೇಮ್, 2023ರದು, ಎರಡು ಗಂಟೆಯೂ ಆಗುವುದಿಲ್ಲ. ತಮಿಳು ದಂಪತಿ 1980ರ ದಶಕದಲ್ಲಿ ಕೆನಡಾಗೆ ಹೋಗಿ ನೆಲೆಸುವುದು, ಮಗ ಬೆಳೆದ ಹಾಗೆ ಮನೆಯ ಭಾಷೆಯಿಂದ ದೂರ ಆಗುವುದು. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿದೆ, ಉಳಿದದ್ದನ್ನು ನೀವು ಊಹಿಸಿ ಅಡುಗೆ ಮಾಡಬೇಕು. ಮೊದಲು ಮಾಡುವುದೇ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕು ಅನ್ನುವುದೇ ಅಲ್ಲಿನ ಒಗಟು. ಬೇರೆ ದೇಶದವರು ತಲೆ ಕೆರೆದುಕೊಳ್ಳುವ ಜಾಗದಲ್ಲಿ ನಮ್ಮ ಕೈ ತಾನೇ ಹೋಗುತ್ತದೆ. ಒಂದು ಗೇಮ್ ನನ್ನ ಮನೆಯ ಅಡುಗೆಮನೆಯನ್ನು ಗೊತ್ತಿದ್ದು ಮಾಡಿದೆ ಅನ್ನುವ ಸಂತೋಷವೇ ಬೇರೆ. ಕನ್ನಡದ ಮನೆಯೊಂದರ ಕತೆ ಹೀಗೆ ಗೇಮ್ ಆಗಿ ಬರಬೇಕು ಅಂತ ನನಗೆ ತುಂಬಾ ಆಸೆ ಇದೆ. ಮಾಡಬಲ್ಲವರು ಇದೇ ಊರಿನಲ್ಲಿ ಇದ್ದಾರೆ.

ಹೆಂಡತಿ ಜೊತೆ ಆಡುವುದಕ್ಕೆ ಎಲ್ಲರೂ ಇಟ್ ಟೇಕ್ಸ್ ಟೂ ಹೇಳುತ್ತಾರೆ. ಅದ್ಭುತ ಗೇಮ್, ಇಬ್ಬರಿದ್ದರೆ ಮಾತ್ರ ಆಡಲು ಬರುತ್ತದೆ. ವಿಚ್ಛೇದನಕ್ಕೆ ಹೊರಟ ಗಂಡ ಹೆಂಡತಿ ಬೊಂಬೆಗಳಾಗುತ್ತಾರೆ, ಒಂದು ಕಡೆ ಅವನಿಗೆ ಮೊಳೆ, ಅವಳಿಗೆ ಸುತ್ತಿಗೆ. ಅವನು ಗೋಡೆಗೆ ಮೊಳೆ ಎಸೆದರೆ ಅವಳು ಅದಕ್ಕೆ ಸುತ್ತಿಗೆ ಸಿಕ್ಕಿಸಿ ಜೋತಾಡಿ ದಾಟುತ್ತಾಳೆ. ಆದರೆ ಇದನ್ನು ಮೊದಲೇ ಕೊಡಬೇಡಿ. ಮಾರಿಯೋ ಕಾಲದಲ್ಲಿ ನಿಲ್ಲಿಸಿದವರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಈಗಿನ 3ಡಿ ಗೇಮ್‌ಗಳಲ್ಲಿ ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಎಡಗೈ ಕಡ್ಡಿಯಲ್ಲಿ ನಡೆಯುವುದು, ಬಲಗೈ ಕಡ್ಡಿಯಲ್ಲಿ ನೋಡುವುದು, ಎರಡೂ ಒಟ್ಟಿಗೆ. ಇದು ಗೇರ್ ಗಾಡಿಯ ಕ್ಲಚ್ಚು ಆಕ್ಸಿಲರೇಟರ್ ಥರ, ಕೈಗೆ ಬರುವವರೆಗೆ ಗಾಡಿ ಎಗರುತ್ತದೆ. ಹೊಸಬರು ಗೋಡೆಗೆ ಮುಖ ಹಚ್ಚಿಕೊಂಡು ಆಕಾಶ ನೋಡುತ್ತಾ ನಿಲ್ಲುತ್ತಾರೆ, ಪಕ್ಕದಲ್ಲಿ ಕೂತವರು ತಾಳ್ಮೆ ಕಳೆದುಕೊಳ್ಳುತ್ತಾರೆ, ಅಲ್ಲಿಗೆ ಗೇಮ್ ಸಹವಾಸವೇ ಸಾಕು ಅನಿಸಿಬಿಡುತ್ತದೆ. ಎಷ್ಟೋ ಜನ ನನಗೆ ಗೇಮ್ ಬರುವುದಿಲ್ಲ ಅನ್ನುವುದು ಈ ಒಂದು ಕಾರಣಕ್ಕೆ. ಅದಕ್ಕೇ ಮೊದಲು ಓವರ್‌ಕುಕ್ಡ್ 2 ಆಡಿ. ಮೇಲಿನಿಂದ ಕಾಣುವ ಅಡುಗೆಮನೆ, ಒಂದೇ ಕಡ್ಡಿ, ಒಬ್ಬರು ಹೆಚ್ಚುವುದು, ಒಬ್ಬರು ಬೇಯಿಸುವುದು, ಅನ್ನ ಸೀದು ಬೆಂಕಿ ಹತ್ತಿದರೆ ಇಬ್ಬರೂ ಓಡುವುದು. ಅಲ್ಲಿ ಕೈ ಪಳಗಿದ ಮೇಲೆ ಇಟ್ ಟೇಕ್ಸ್ ಟೂ ತಗೊಳ್ಳಿ.

ಇಷ್ಟೆಲ್ಲ ಆಡಿ ಇನ್ನೂ ಬೇಕು ಅನಿಸಿತಾ? ಆಗ ಪಿಎಸ್5. 50,000 ರೂಪಾಯಿ ಮೇಲಾಗುತ್ತದೆ, ದೊಡ್ಡ ಹೊಸ ಗೇಮ್ ಒಂದೊಂದಕ್ಕೆ 5,000ದ ಆಸುಪಾಸು. ಡಿಸ್ಕ್ ಹಾಕುವ ಮಾಡೆಲ್ಲೇ ತಗೊಳ್ಳಿ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವವರೂ ಮಾರುವವರೂ ಬೇಕಾದಷ್ಟು ಜನ ಇದ್ದಾರೆ, ಮುಗಿಸಿ ಮಾರಿದರೆ ಬಹುಪಾಲು ದುಡ್ಡು ಕೈಗೆ ಬರುತ್ತದೆ. ಕನ್ಸೋಲ್ ಜೊತೆ ಆಸ್ಟ್ರೋಸ್ ಪ್ಲೇರೂಮ್ ಉಚಿತವಾಗಿಯೇ ಬರುತ್ತದೆ, ಮೊದಲು ಅದನ್ನೇ ಆಡಿ, ಕೈಗೆ ಕಂಟ್ರೋಲರ್ ಕಲಿಸುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ದೊಡ್ಡ ಗೇಮ್‌ಗಳಲ್ಲಿ ನನ್ನ ಮನಸ್ಸಿಗೆ ಹತ್ತಿರದ್ದು ರೆಡ್ ಡೆಡ್ ರಿಡೆಂಪ್ಶನ್ 2. 1899ರ ಅಮೆರಿಕ, ಕಾಲ ಮುಗಿಯುತ್ತಾ ಬಂದ ದರೋಡೆಕೋರರ ಗುಂಪು, ಅದರಲ್ಲಿ ಆರ್ಥರ್ ಮಾರ್ಗನ್. ಮೊದಲ ಅಧ್ಯಾಯ ಪೂರ್ತಿ ಹಿಮದಲ್ಲಿ, ತುಂಬಾ ನಿಧಾನ, ಅಲ್ಲೇ ಬಿಟ್ಟವರು ಜಾಸ್ತಿ. ದಯವಿಟ್ಟು ದಾಟಿ. ಆಮೇಲೂ ಗೇಮ್ ಅವಸರ ಮಾಡುವುದಿಲ್ಲ. ಕುದುರೆಗೆ ಮೇವು ಕೊಡಬೇಕು, ಮೈ ಉಜ್ಜಬೇಕು, ಆಗ ಅದು ನಿಮ್ಮನ್ನು ನಂಬುತ್ತದೆ. ಮುಖ್ಯ ಕತೆಯೇ ಸುಮಾರು 50 ಗಂಟೆ. ವಾರಾಂತ್ಯದಲ್ಲಿ ಎರಡೆರಡು ಗಂಟೆ ಅಂದರೆ ಕೆಲವು ತಿಂಗಳ ಜೊತೆ. ಈ ಗೇಮಿನ ಕೆಲಸದಲ್ಲಿ ರಾಕ್‌ಸ್ಟಾರ್ ಕಂಪನಿಯ ಬೆಂಗಳೂರು ಸ್ಟುಡಿಯೋದ ಕೈಯೂ ಇದೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಕಂಪನಿ 2019ರಲ್ಲಿ ಧ್ರುವ ಇಂಟರ್‌ಆಕ್ಟಿವ್ ಅನ್ನು ಕೊಂಡಿತು. ಧ್ರುವ 1997ರಲ್ಲೇ ಬೆಂಗಳೂರಿನಲ್ಲಿ ಶುರುವಾಗಿದ್ದು, ದೇಶದ ಗೇಮ್ ಕಂಪನಿಗಳಲ್ಲೇ ಮೊದಲ ಸಾಲಿನದು. ಊರಿನ ಐಟಿ ಬಗ್ಗೆ ಮಾತಾಡುವಾಗ ಈ ಜನರ ಹೆಸರು ಯಾಕೋ ಬರುವುದೇ ಇಲ್ಲ.

ಗಾಡ್ ಆಫ್ ವಾರ್ 2018 ಒಳ್ಳೆಯ ಎರಡನೇ ಗೇಮ್, ಅಪ್ಪ ಮಗನ ಕತೆ, ಸುಲಭದ ಮೋಡ್ ಇದೆ. ವಿಚರ್ 3ರಲ್ಲಿ ಮಾತು, ಓದುವುದು ಜಾಸ್ತಿ, ಇಷ್ಟ ಇದ್ದರೆ ಅದಕ್ಕಿಂತ ಒಳ್ಳೆಯ ಕತೆಗಳು ಸಿಗುವುದು ಕಷ್ಟ. ಎಲ್ಡೆನ್ ರಿಂಗ್ ಈಗ ಬೇಡ. 2022ರ ದೊಡ್ಡ ಪ್ರಶಸ್ತಿ ಗೆದ್ದದ್ದು ನಿಜ, ಆದರೆ ಕಷ್ಟ ಕಡಿಮೆ ಮಾಡುವ ಆಯ್ಕೆಯೇ ಅದರಲ್ಲಿಲ್ಲ. ನಿಂಟೆಂಡೋ ಸ್ವಿಚ್ ಅನ್ನುವ ಇನ್ನೊಂದು ಕನ್ಸೋಲ್ ಇರುವ ಸ್ನೇಹಿತರು ಯಾರಾದರೂ ಇದ್ದರೆ ಜೆಲ್ಡಾ ಬ್ರೆತ್ ಆಫ್ ದಿ ವೈಲ್ಡ್ ಒಂದು ವಾರಕ್ಕೆ ಕೇಳಿ ತನ್ನಿ, ಕಾಣುವ ಬೆಟ್ಟವನ್ನೆಲ್ಲ ಹತ್ತಬಹುದು ಅನ್ನುವ ಖುಷಿ ಅದರಲ್ಲಿ ಸಿಕ್ಕಷ್ಟು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನಿಮ್ಮ ಲ್ಯಾಪ್‌ಟಾಪ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಇದೆಯಾ ಅಂತ ಬರೆದಿಲ್ಲ. ಸೆಲೆಸ್ಟ್, ಸ್ಟಾರ್‌ಡ್ಯೂ ಆಫೀಸಿನ ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಇಟ್ ಟೇಕ್ಸ್ ಟೂಗೆ ಕಾರ್ಡ್ ಇದ್ದರೆ ಒಳ್ಳೆಯದು. ಮಾಡೆಲ್ ಹೆಸರು ಹಾಕಿ, ಯಾವುದು ಸರಿಯಾಗಿ ಓಡುತ್ತದೆ ಅಂತ ನೋಡಿ ಹೇಳುತ್ತೇನೆ.